ಎರಡು ಅಡಿ ಎಂದಿದ್ದರು, ಬಿದ್ದದ್ದು ಏಳೂವರೆ ಇಂಚು!

2017ರ ಮಾರ್ಚ್ 13, ಸೋಮವಾರ. ಜರ್ಮನಿಯ ಚಾನ್ಸಲರ್ ಆಗಿದ್ದ ಏಂಜೆಲಾ ಮರ್ಕೆಲ್ ಮರುದಿನ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರನ್ನು ಭೇಟಿಯಾಗಬೇಕಿತ್ತು. ಆ ಭೇಟಿಯನ್ನು ಶುಕ್ರವಾರಕ್ಕೆ ಮುಂದೂಡಲಾಯಿತು. ಅದೇ ದಿನ ನ್ಯೂಯಾರ್ಕ್ ನಗರದ ಮೇಯರ್ ಮರುದಿನ ಶಾಲೆಗಳಿಗೆ ರಜೆ ಘೋಷಿಸಿದರು. ಸಾವಿರಾರು ವಿಮಾನಗಳು ರದ್ದಾದವು. ಇಷ್ಟೆಲ್ಲ ಆಗುವಾಗ ನ್ಯೂಯಾರ್ಕಿನಲ್ಲಿ ಆ ಬಿರುಗಾಳಿಯ ಒಂದು ಹಿಮದ ಹಳಕೂ ನೆಲಕ್ಕೆ ಬಿದ್ದಿರಲಿಲ್ಲ. ಬಿದ್ದದ್ದು ಮುನ್ಸೂಚನೆ ಮಾತ್ರ: ‘ನಾಳೆ ಒಂದರಿಂದ ಎರಡು ಅಡಿ ಹಿಮ’.

ಮಂಗಳವಾರ ಸಂಜೆಯ ಹೊತ್ತಿಗೆ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಅಳೆದಾಗ ಸಿಕ್ಕಿದ್ದು 7.6 ಇಂಚು. ಜನ ಸಿಟ್ಟಾದರು, ನಕ್ಕರು, ಹವಾಮಾನ ಇಲಾಖೆಯನ್ನು ಆಡಿಕೊಂಡರು. ಆದರೆ ಕಾರಿನಲ್ಲಿ ಮೂರು ಗಂಟೆ ದೂರದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಅದೇ ಬಿರುಗಾಳಿ 30 ಇಂಚಿಗೂ ಹೆಚ್ಚು ಹಿಮ ಸುರಿದು ಹಳೆಯ ದಾಖಲೆ ಮುರಿದಿತ್ತು.

ಹಾಗಾದರೆ ಮುನ್ಸೂಚನೆ ಸರಿಯಿತ್ತೋ ತಪ್ಪಿತ್ತೋ? ಹೈಡ್ರಾಲಜಿ ಓದುತ್ತಿರುವ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿಯಾದ ನನಗೆ ಈ ಪ್ರಶ್ನೆ ಹಿಡಿಸಿದ್ದು ನನ್ನ ದೊಡ್ಡಮ್ಮನ ಮಗಳಿಂದ. ಅಕ್ಕ ಆಗ ಹಡ್ಸನ್ ನದಿಯಾಚೆ, ನ್ಯೂಜೆರ್ಸಿಯ ಜರ್ಸಿ ಸಿಟಿಯಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಎಂಎಸ್ ಮುಗಿಯಲು ಎರಡು ತಿಂಗಳಿತ್ತು. ಮಾರ್ಚ್ 14ರ ಬೆಳಿಗ್ಗೆ 10 ಗಂಟೆಗೆ ಮ್ಯಾನ್‌ಹಟನ್‌ನಲ್ಲಿ ಅವಳಿಗೆ ಇಂಟರ್‌ವ್ಯೂ ಇತ್ತು.

ಮಾರ್ಚ್ ಹಿಮದ ತಕರಾರು

ನಮಗೆ ಮಾರ್ಚ್ ಎಂದರೆ ಮಾವಿನ ಚಿಗುರು, ಇಂಟರ್ನಲ್ಸ್ ಮತ್ತು ಯುಗಾದಿ. ಅಮೆರಿಕದ ಈಶಾನ್ಯ ರಾಜ್ಯಗಳ ಕನ್ನಡಿಗರಿಗೆ ಅದೇ ಮಾರ್ಚ್‌ನಲ್ಲಿ ಬೇವು ಬೆಲ್ಲದ ಜೊತೆ ಹಿಮ ಎತ್ತುವ ಸಲಿಕೆಯನ್ನೂ ಇಟ್ಟುಕೊಳ್ಳಬೇಕು. 2018ರಲ್ಲಂತೂ ಮಾರ್ಚ್ ಒಂದೇ ತಿಂಗಳಲ್ಲಿ ನಾಲ್ಕು ಬಿರುಗಾಳಿಗಳು ಆ ಕರಾವಳಿಯ ಮೇಲೆ ಸಾಲಾಗಿ ಬಂದವು. 1997ರಲ್ಲಿ ಬಾಸ್ಟನ್ ನಗರಕ್ಕೆ 25.4 ಇಂಚು ಹಿಮ ಬಿದ್ದ ಬಿರುಗಾಳಿಯ ಮುಖ್ಯ ದಿನ ಏಪ್ರಿಲ್ 1. ಮೂರ್ಖರ ದಿನದ ಹೆಸರಿನಲ್ಲೇ ಅದನ್ನು ಇಂದಿಗೂ ಕರೆಯುತ್ತಾರೆ.

ಜನವರಿಯ ಹಿಮಕ್ಕಿಂತ ಮಾರ್ಚ್‌ ಹಿಮದ ಭವಿಷ್ಯ ಹೇಳುವುದು ಕಷ್ಟ. ಕಾರಣ ಸರಳ. ಜನವರಿಯಲ್ಲಿ ನೆಲದಿಂದ ಮೋಡದವರೆಗೂ ಗಾಳಿ ಸೊನ್ನೆ ಡಿಗ್ರಿಗಿಂತ ಸಾಕಷ್ಟು ಕೆಳಗಿರುತ್ತದೆ. ಒಂದೆರಡು ಡಿಗ್ರಿ ಆಚೀಚೆ ಆದರೂ ಹಿಮ ಹಿಮವೇ. ಮಾರ್ಚ್‌ನಲ್ಲಿ ಎಲ್ಲವೂ ಸೊನ್ನೆಯ ಗೆರೆಯ ಮೇಲೆ ನಿಂತಿರುತ್ತದೆ. ಕೆನಡಾದಿಂದ ಇಳಿದ ತಂಪು ಗಾಳಿ ಒಂದು ಕಡೆ, ಅಟ್ಲಾಂಟಿಕ್ ಸಾಗರದ ಬಿಸಿ ಪ್ರವಾಹದ ಮೇಲಿನ ತೇವದ ಗಾಳಿ ಇನ್ನೊಂದು ಕಡೆ. ಇವೆರಡೂ ಸೇರುವಲ್ಲಿ ವಾಯುಭಾರ ಕುಸಿತ ಹುಟ್ಟಿ, ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗುತ್ತದೆ. ಗಾಳಿ ಈಶಾನ್ಯದಿಂದ ಬೀಸುವುದರಿಂದ ಇದಕ್ಕೆ ‘ನಾರ್‌ಈಸ್ಟರ್’ ಎಂದು ಹೆಸರು.

ಈ ಕುಸಿತದ ಕೇಂದ್ರ ಸಮುದ್ರದ ಕಡೆಗೆ ಸ್ವಲ್ಪ ಸರಿದರೆ ನಗರಕ್ಕೆ ತಂಪು ಗಾಳಿ ಸಿಕ್ಕು ಹಿಮ ಬೀಳುತ್ತದೆ. ದಡದ ಕಡೆಗೆ ಸರಿದರೆ ಬಿಸಿ ಗಾಳಿ ಒಳನುಗ್ಗಿ ಮಳೆಯಾಗುತ್ತದೆ. ಇವೆರಡರ ನಡುವೆ ಇನ್ನೊಂದು ಆಟವಿದೆ. ಮೇಲೆ ಹುಟ್ಟಿದ ಹಿಮದ ಹಳಕು ದಾರಿಯಲ್ಲಿ ಸಣ್ಣದೊಂದು ಬಿಸಿ ಪದರ ಹಾದು ಕರಗುತ್ತದೆ. ನೆಲದ ಹತ್ತಿರದ ತಂಪಿನಲ್ಲಿ ಮತ್ತೆ ಹೆಪ್ಪುಗಟ್ಟಿ, ಸಾಬೂದಾನಿಯಂಥ ಐಸ್ ಕಾಳಾಗಿ ಪಟಪಟ ಉದುರುತ್ತದೆ. ಅಲ್ಲಿಯವರು ಇದನ್ನು ಸ್ಲೀಟ್ ಎನ್ನುತ್ತಾರೆ.

ಇಲ್ಲೇ ಇಂಚಿನ ಲೆಕ್ಕ ಬಿದ್ದುಹೋಗುವುದು. ಒಂದು ಇಂಚು ಮಳೆಯಷ್ಟು ನೀರು ಹಿಮವಾದರೆ ಸುಮಾರು ಹತ್ತು ಇಂಚು ಎಂಬುದು ಸ್ಥೂಲ ಲೆಕ್ಕ. ಒಣ ಹಿಮವಾದರೆ ಹದಿನೈದು ಇಪ್ಪತ್ತು ಇಂಚೂ ಆಗಬಹುದು. ಒದ್ದೆ ಹಿಮವಾದರೆ ಐದಾರು ಇಂಚು, ಐಸ್ ಕಾಳಾದರೆ ಇನ್ನೂ ಕಡಿಮೆ. ಮೋಡದಿಂದ ಇಳಿದ ನೀರು ಅಷ್ಟೇ, ಟೇಪು ಹಿಡಿದರೆ ಅಳತೆ ಮಾತ್ರ ಬೇರೆ. ಮಾರ್ಚ್‌ನ ಸೂರ್ಯನೂ ಲೆಕ್ಕಕ್ಕೆ ಬರುತ್ತಾನೆ. ರಾತ್ರಿ ಎರಡಕ್ಕೆ ಬಿದ್ದ ಹಿಮ ರಸ್ತೆಯಲ್ಲಿ ನಿಲ್ಲುತ್ತದೆ, ಮಧ್ಯಾಹ್ನ ಎರಡಕ್ಕೆ ಬಿದ್ದದ್ದು ಡಾಂಬರಿನ ಮೇಲೆ ಕರಗಿ ಹರಿಯುತ್ತದೆ.

ಇನ್ನೊಂದು ಮಾತು. ‘ಬ್ಲಿಜರ್ಡ್’ ಎಂದರೆ ತುಂಬಾ ಹಿಮ ಎಂದೇ ನಾನು ತಿಳಿದಿದ್ದೆ. ಅಮೆರಿಕದ ಹವಾಮಾನ ಸೇವೆಯ ವ್ಯಾಖ್ಯಾನದಲ್ಲಿ ಇಂಚಿನ ಮಾತೇ ಇಲ್ಲ. ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ವೇಗದ ಗಾಳಿ, ಹಿಮದಿಂದಾಗಿ 400 ಮೀಟರ್ ಆಚೆ ಏನೂ ಕಾಣದ ಸ್ಥಿತಿ, ಇವೆರಡೂ ಮೂರು ಗಂಟೆ ಇದ್ದರೆ ಬ್ಲಿಜರ್ಡ್. ಎಚ್ಚರಿಕೆ ಕೊಡುವವರು ಗಾಳಿ ಮತ್ತು ಕಣ್ಣೋಟದ ಬಗ್ಗೆ ಹೇಳುತ್ತಿದ್ದರೆ, ಕೇಳುವವರು ಇಂಚು ಎಣಿಸುತ್ತಿರುತ್ತಾರೆ!

ಬಟ್ಟೆ ಒಗೆಯುವ ಕೋಣೆಯ ಸಭೆ

ಅಕ್ಕ ಇದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ನಾಲ್ಕು ವಾಷಿಂಗ್ ಮಷಿನ್‌ಗಳಿದ್ದವು. ಸೋಮವಾರ ಸಂಜೆ ಅಲ್ಲಿ ಜಾತ್ರೆ. ಕರೆಂಟು ಹೋಗಬಹುದೆಂದು ಎಲ್ಲರೂ ಬಟ್ಟೆ ತಂದಿದ್ದರು. ಅಂಗಡಿಗಳಲ್ಲಿ ಬ್ರೆಡ್ಡು, ಹಾಲು, ಮೊಟ್ಟೆ ಖಾಲಿ. ಹಿಮ ಬಂದರೆ ಇವರೆಲ್ಲ ಫ್ರೆಂಚ್ ಟೋಸ್ಟ್ ಮಾಡಿಕೊಂಡೇ ಬದುಕುತ್ತಾರೇನೋ ಎಂಬುದು ಅಲ್ಲಿನ ಹಳೆಯ ಜೋಕು. ಮಕ್ಕಳಿಗೆ ಮಾತ್ರ ಹಬ್ಬ. ಪೈಜಾಮವನ್ನು ತಿರುವು ಮುರುವು ಹಾಕಿಕೊಂಡು, ದಿಂಬಿನ ಕೆಳಗೆ ಚಮಚ ಇಟ್ಟು ಮಲಗಿದರೆ ಹಿಮ ಬಿದ್ದು ಶಾಲೆಗೆ ರಜೆ ಸಿಗುತ್ತದೆಂಬುದು ಅಲ್ಲಿನ ಮಕ್ಕಳ ನಂಬಿಕೆ. ಮಳೆಗಾಗಿ ಕಪ್ಪೆ ಮದುವೆ ಮಾಡುವ ನಾವು ನಗುವಂತಿಲ್ಲ!

ಮಷಿನ್ ತಿರುಗುವಷ್ಟು ಹೊತ್ತು ಎಲ್ಲರದೂ ಒಂದೇ ಮಾತು: ಬರುತ್ತೋ, ಇಲ್ವೋ? ಅಕ್ಕ ಫೋನಿನಲ್ಲಿ ಆ ಸಂಜೆಯ ಬಗ್ಗೆ ಹೇಳುವಾಗ ನನಗೆ ಕುತೂಹಲ ಹುಟ್ಟಿಸಿದ್ದು ಇದು: ಮುನ್ಸೂಚನೆ ಒಂದೇ ಆದರೂ ಪ್ರತಿಯೊಬ್ಬರ ಪ್ರಶ್ನೆ ಬೇರೆ ಬೇರೆಯಾಗಿತ್ತು.

ಕೆಳಮನೆಯ ಇಟಾಲಿಯನ್ ಮೂಲದ ಅಜ್ಜಿಗೆ ‘ಹಿಂದಿನ ಸಲ ಏನಾಯಿತು’ ಎಂಬುದೇ ಮುಖ್ಯ. 2015ರ ಜನವರಿಯಲ್ಲಿ ‘ಎರಡು ಅಡಿ, ಎರಡೂವರೆ ಅಡಿ’ ಎಂದು ಹೆದರಿಸಿದ್ದರು. ನ್ಯೂಯಾರ್ಕಿನ ಮೆಟ್ರೊವನ್ನೇ ರಾತ್ರಿಯಿಡೀ ನಿಲ್ಲಿಸಿದ್ದರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಇಂಚು. ‘ಈ ಸಲವೂ ಅಷ್ಟೇ ನೋಡಿ’ ಎಂದು ಅಜ್ಜಿ ಕೈ ಆಡಿಸಿದರಂತೆ. ಅಜ್ಜಿ ಹೇಳಿದ್ದು ನಿಜ. ಅವರು ಹೇಳದ್ದೂ ಒಂದಿದೆ. ಅದೇ ಬಿರುಗಾಳಿ ಪಕ್ಕದ ಲಾಂಗ್ ಐಲ್ಯಾಂಡಿನ ಇಸ್ಲಿಪ್‌ನಲ್ಲಿ 24.9 ಇಂಚು ಸುರಿದಿತ್ತು.

ಮೂರನೇ ಮಹಡಿಯ ಮಲಯಾಳಿ ನರ್ಸ್ ಅಕ್ಕನ ಪ್ರಶ್ನೆ ‘ಎಷ್ಟು ಹೊತ್ತಿಗೆ’ ಎಂಬುದು. ಅವರ ಡ್ಯೂಟಿ ಬೆಳಿಗ್ಗೆ ಏಳಕ್ಕೆ. ಹಿಮ ಬೆಳಗಿನ ಜಾವಕ್ಕೆ ಶುರುವಾದರೆ ಹೋಗಲಾಗದು, ರಾತ್ರಿ ಡ್ಯೂಟಿಯವರು ಬಿಡುಗಡೆಯಾಗದೆ ಅಲ್ಲೇ ಉಳಿಯಬೇಕು. ಅವರು ಇಂಚಿನ ಬಗ್ಗೆ ತಲೆ ಕೆಡಿಸಿಕೊಳ್ಳಲೇ ಇಲ್ಲ. ಹಲ್ಲುಜ್ಜುವ ಬ್ರಷ್ಷು, ಒಂದು ಹೊದಿಕೆ, ಡಬ್ಬಿಯಲ್ಲಿ ಅನ್ನ ಕಟ್ಟಿಕೊಂಡು ಸೋಮವಾರ ರಾತ್ರಿಯೇ ಆಸ್ಪತ್ರೆಗೆ ಹೊರಟರು.

ಗೋದಾಮಿನಲ್ಲಿ ಗಂಟೆ ಲೆಕ್ಕದ ಕೂಲಿಗೆ ದುಡಿಯುವ ಒಬ್ಬರಿದ್ದರು. ಅವರದು ‘ಮುಚ್ಚುತ್ತಾರಾ’ ಎಂಬ ಪ್ರಶ್ನೆ. ಹಿಮ ಎರಡು ಅಡಿ ಬಂದರೂ ಎರಡು ಇಂಚು ಬಂದರೂ ಗೋದಾಮು ಮುಚ್ಚಿದರೆ ಅವರಿಗೆ ಎಂಟು ಗಂಟೆಯ ಸಂಬಳ ಹೋಯಿತು. ಸಂಬಳದ ಕೆಲಸದವರಿಗೆ ರಜೆ, ಇವರಿಗೆ ನಷ್ಟ.

ಕಟ್ಟಡ ನೋಡಿಕೊಳ್ಳುವವರನ್ನು ಅಲ್ಲಿ ‘ಸೂಪರ್’ ಎನ್ನುತ್ತಾರೆ. ಮುಂದಿನ ಕಾಲುದಾರಿಯ ಹಿಮ ತೆಗೆದು ಉಪ್ಪು ಹಾಕುವುದು ಅವರ ಕೆಲಸ. ಅವರು ಕೇಳಿದ್ದು ಯಾರಿಗೂ ಹೊಳೆಯದ ಪ್ರಶ್ನೆ: ‘ಹಿಮವಾಗಿಯೇ ಬೀಳುತ್ತಾ, ಐಸ್ ಕಾಳಾಗುತ್ತಾ?’ ಒಣ ಹಿಮ ಒಂದು ಅಡಿ ಬಿದ್ದರೂ ಗುಡಿಸಿ ಹಾಕಬಹುದು. ಐಸ್ ಕಾಳು ಬೆರೆತ ಆರು ಇಂಚು ಕಾಂಕ್ರೀಟಿನಂತೆ ಗಟ್ಟಿಯಾಗಿ ಸೊಂಟ ಮುರಿಯುತ್ತದೆ. ಇಂಥ ಹಿಮ ಎತ್ತುವಾಗ ಹೃದಯಾಘಾತವಾಗುವುದೂ ಅಲ್ಲಿ ಅಪರೂಪವಲ್ಲ. ‘ಮಾರ್ಚ್‌ನಲ್ಲಿ ಇಂಚು ಕೇಳಬೇಡಿ, ಏನು ಬೀಳುತ್ತದೆ ಅಂತ ಕೇಳಿ’ ಎಂದರಂತೆ.

ಅಕ್ಕನ ಸಮಸ್ಯೆ ಬೇರೆ. ಸಂಜೆ ಐದಕ್ಕೆ ಕಂಪನಿಯಿಂದ ಮೇಲ್ ಬಂದಿತ್ತು: ‘ಬರಲು ಸಾಧ್ಯವಾದರೆ ಬನ್ನಿ, ಇಲ್ಲದಿದ್ದರೆ ಮುಂದೆ ನೋಡೋಣ.’ ಕೆಲಸ ಹುಡುಕುವವರಿಗೆ ‘ಮುಂದೆ ನೋಡೋಣ’ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಗೆಳತಿಯರಲ್ಲಿ ಒಬ್ಬಳು ‘ಹೋಗು’ ಎಂದಳು, ಇನ್ನೊಬ್ಬಳು ‘ಹುಚ್ಚಾ ನಿಂಗೆ’ ಎಂದಳು. ಹೊರಡಲು ಬ್ಯಾಗು ಏರಿಸಿದ್ದ ನರ್ಸ್ ಅಕ್ಕ ಮಾತ್ರ ಕೇಳಿದ್ದು: ‘ಹಿಮ ಬರಲಿಲ್ಲ ಅಂದುಕೋ, ಇವತ್ತೇ ಹೋಗಿದ್ದರೆ ನಿನಗೆ ಏನು ನಷ್ಟ? ಹಿಮ ಬಂತು ಅಂದುಕೋ, ಹೋಗದೇ ಇದ್ದರೆ ಏನು ನಷ್ಟ?’

‘ಅಷ್ಟೇ ಕಣೇ’ ಎನ್ನುತ್ತಾಳೆ ಅಕ್ಕ. ‘ಅಲ್ಲೀವರೆಗೂ ನಾನು ಹಿಮ ಬರುತ್ತಾ ಇಲ್ವಾ ಅಂತ ತಲೆ ಚಚ್ಕೊಳ್ತಿದ್ದೆ ಮಾರಾಯ್ತಿ. ಅದು ನನ್ನ ಕೈಲಿ ಇರ್ಲೇ ಇಲ್ಲ.’ ಹೋದರೆ ನಷ್ಟ ಒಂದು ರಾತ್ರಿಯ ನಿದ್ದೆ. ಹೋಗದಿದ್ದರೆ ಬಹುಶಃ ಒಂದು ಇಂಟರ್‌ವ್ಯೂ. ಸೂಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಮ್ಯಾನ್‌ಹಟನ್‌ನಲ್ಲಿದ್ದ ಕ್ಲಾಸ್‌ಮೇಟ್ ಮನೆಯ ಸೋಫಾ ಮೇಲೆ ಮಲಗಿದಳು.

ಗೊತ್ತಿದ್ದೂ ಬದಲಿಸಲಿಲ್ಲ

ಮಂಗಳವಾರ ಬೆಳಿಗ್ಗೆ ಹಿಮ ಜೋರಾಗಿಯೇ ಶುರುವಾಯಿತು. ಆಮೇಲೆ ಕಿಟಕಿಗೆ ಪಟಪಟ ಸದ್ದು. ಸೂಪರ್ ಕೇಳಿದ್ದೇ ನಿಜವಾಗಿತ್ತು. ಕುಸಿತದ ಕೇಂದ್ರ ದಡದ ಕಡೆಗೆ ಸರಿದು, ಬಿಸಿ ಗಾಳಿ ಒಳಬಂದು, ನಗರದ ಮೇಲೆ ಹಿಮ ಐಸ್ ಕಾಳಾಗಿ ಬದಲಾಗಿತ್ತು. ನೆಲದ ಮೇಲಿನ ರೈಲುಗಳು ನಿಂತಿದ್ದರೂ ಸುರಂಗದ ಮೆಟ್ರೊ ಓಡುತ್ತಿತ್ತು. ಅಕ್ಕ ಹೋಗಿ ಇಂಟರ್‌ವ್ಯೂ ಕೊಟ್ಟಳು. ನಾಲ್ವರು ಕೂರಬೇಕಿದ್ದಲ್ಲಿ ಒಬ್ಬರೇ ಇದ್ದರು. ಮುಂದಿನ ಸುತ್ತಿಗೂ ಕರೆದರು, ಕೊನೆಗೆ ಆ ಕೆಲಸ ಸಿಗಲಿಲ್ಲ. ಅದಕ್ಕೂ ಹಿಮಕ್ಕೂ ಸಂಬಂಧವಿಲ್ಲ, ಅಲ್ಗಾರಿದಮ್ ಪ್ರಶ್ನೆಗೆ ತಡವರಿಸಿದೆ ಎಂದು ಅವಳೇ ಹೇಳುತ್ತಾಳೆ. ಬೇರೆ ಕೆಲಸ ಸಿಕ್ಕಿದ್ದು ಜುಲೈನಲ್ಲಿ.

ಗೋದಾಮಿನ ಕೆಲಸಗಾರನ ಒಂದು ದಿನದ ಸಂಬಳ ಹೋಗಿತ್ತು. ಅಜ್ಜಿ ‘ನಾನು ಹೇಳಲಿಲ್ವಾ’ ಎಂದರು.

ಇದಾದ ಮೇಲೆ ಹೊರಬಂದ ಸಂಗತಿಯೇ ಹೆಚ್ಚು ಚರ್ಚೆಗೆ ಕಾರಣವಾಯಿತು. ನಗರಗಳಲ್ಲಿ ಹಿಮ ಕಡಿಮೆಯಾಗಬಹುದು ಎಂಬ ಸುಳಿವು ಸೋಮವಾರ ಮಧ್ಯಾಹ್ನದ ನಂತರವೇ ಕಂಪ್ಯೂಟರ್ ಮಾದರಿಗಳಲ್ಲಿ ಕಾಣಿಸಿತ್ತು. ಹವಾಮಾನ ಸೇವೆಯ ತಜ್ಞರು ತಮ್ಮಲ್ಲೇ ಚರ್ಚಿಸಿ, ದೊಡ್ಡ ಅಂಕಿಯನ್ನೇ ಉಳಿಸಿಕೊಂಡರು. ಕೊನೆಯ ಗಳಿಗೆಯಲ್ಲಿ ಇಳಿಸಿದರೆ ಜನ ಗೊಂದಲಗೊಳ್ಳುತ್ತಾರೆ, ಅಪಾಯ ಕಳೆಯಿತೆಂದು ಮೈಮರೆಯುತ್ತಾರೆ ಎಂಬ ಆತಂಕ ಅವರದು. ಇದನ್ನು ಅಧಿಕಾರಿಗಳೇ ಸುದ್ದಿಸಂಸ್ಥೆಗೆ ಒಪ್ಪಿಕೊಂಡರು.

ಅವರನ್ನು ಸುಮ್ಮನೆ ಬೈಯುವಂತಿಲ್ಲ. ಆ ಊರುಗಳಿಗೆ ಮಾರ್ಚ್ ಹಿಮದ ಕಹಿ ನೆನಪಿದೆ. 1888ರ ಮಾರ್ಚ್‌ನಲ್ಲಿ ವಸಂತ ಬಂತೆಂದು ಜನ ಹಿಗ್ಗಿದ್ದರು. 11ರ ಭಾನುವಾರ ಮಳೆ ಶುರುವಾಗಿ, ನಡುರಾತ್ರಿ ಕಳೆದ ಮೇಲೆ ಹಿಮವಾಯಿತು. ಅಂಥದ್ದೊಂದು ಬರುತ್ತದೆಂದು ಯಾರೂ ಎಚ್ಚರಿಸಿರಲಿಲ್ಲ. ಸೋಮವಾರ ಎಂದಿನಂತೆ ಕೆಲಸಕ್ಕೆ ಹೊರಟವರು ಹಾದಿಯಲ್ಲೇ ಸಿಕ್ಕಿಬಿದ್ದರು. ನಾನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಸುಮಾರು ಇನ್ನೂರು ಮಂದಿ ನ್ಯೂಯಾರ್ಕ್ ನಗರದವರೇ. ಮಾಜಿ ಸೆನೆಟರ್ ರಾಸ್ಕೋ ಕಾಂಕ್ಲಿಂಗ್ ಆ ಬಿರುಗಾಳಿಯಲ್ಲಿ ನಡೆದೇ ಮನೆಯ ಕಡೆ ಹೊರಟು, ಕಾಯಿಲೆ ಬಿದ್ದು ಮುಂದಿನ ತಿಂಗಳು ತೀರಿಕೊಂಡರು. ತಂತಿಗಳನ್ನು ನೆಲದಡಿ ಹಾಕಬೇಕು, ರೈಲನ್ನು ಸುರಂಗದಲ್ಲಿ ಓಡಿಸಬೇಕು ಎಂಬ ವಾದಕ್ಕೆ ಬಲ ಬಂದದ್ದು ಆ ಬಿರುಗಾಳಿಯ ನಂತರ. ಅಕ್ಕ ಇಂಟರ್‌ವ್ಯೂಗೆ ಹೋದ ಸುರಂಗ ರೈಲಿನ ಹಿಂದೆ 1888ರ ಹಿಮವೂ ಇದೆ!

1993ರ ಮಾರ್ಚ್ ಇದಕ್ಕೆ ತದ್ವಿರುದ್ಧ ಕಥೆ. ‘ಶತಮಾನದ ಬಿರುಗಾಳಿ’ ಎಂದೇ ಹೆಸರಾದ ಅದರ ಸುಳಿವನ್ನು ತಜ್ಞರು ಐದು ದಿನ ಮೊದಲೇ ಕೊಟ್ಟಿದ್ದರು. ಹಿಮ ಬೀಳುವ ಮೊದಲೇ ಕೆಲವು ರಾಜ್ಯಗಳು ತುರ್ತು ಪರಿಸ್ಥಿತಿ ಘೋಷಿಸಿದವು. ಹಿಮವೇ ಅಪರೂಪವಾದ ದಕ್ಷಿಣದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲೂ ಒಂದು ಅಡಿಗಿಂತ ಹೆಚ್ಚು ಹಿಮ ಬಿತ್ತು. ಆ ಬಿರುಗಾಳಿಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಮುನ್ಸೂಚನೆ ಇಲ್ಲದಿದ್ದರೆ ಇನ್ನೆಷ್ಟಾಗುತ್ತಿತ್ತೋ. ಇಂಥ ಚರಿತ್ರೆ ಬೆನ್ನಿಗಿದ್ದಾಗ ಅಂಕಿಯನ್ನು ಕೆಳಗಿಳಿಸಲು ಯಾರ ಕೈಯಾದರೂ ಹಿಂಜರಿಯುತ್ತದೆ.

ಅನುಮಾನಕ್ಕೂ ಲೆಕ್ಕವಿದೆ

ಆದರೂ ನನಗೆ ಅವರ ನಿರ್ಧಾರ ಸರಿ ಅನಿಸುವುದಿಲ್ಲ. ಏಕೆಂದರೆ ಆ ಅನುಮಾನ ಅವರಿಗೆ ಬರೀ ಊಹೆಯಾಗಿರಲಿಲ್ಲ, ಅದನ್ನು ಅಳೆಯುವ ವಿಧಾನ ಅವರ ಬಳಿಯಿತ್ತು.

1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ ಕಂಪ್ಯೂಟರಿನಲ್ಲಿ ಹವಾಮಾನದ ಸರಳ ಮಾದರಿಯೊಂದನ್ನು ಓಡಿಸುತ್ತಿದ್ದರು. ಹಿಂದಿನ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಲು 0.506127 ಎಂಬ ಸಂಖ್ಯೆಯ ಬದಲು 0.506 ಎಂದು ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಒಂದೇ ದಾರಿಯಲ್ಲಿ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಆರಂಭದ ಸಣ್ಣ ವ್ಯತ್ಯಾಸ ಮುಂದೆ ದೊಡ್ಡದಾಗುತ್ತದೆ ಎಂಬುದು ಹೀಗೆ ತಿಳಿಯಿತು. ನಮ್ಮ ಲ್ಯಾಬಿನಲ್ಲಿ ಮೂರನೇ ದಶಾಂಶದಾಚೆ ಹೊಡೆದುಹಾಕುವ ನಮಗೆ ಇದು ಪಾಠವೇ.

ಅದಕ್ಕೇ ಈಗ ಹವಾಮಾನ ಕೇಂದ್ರಗಳು ಒಂದೇ ಲೆಕ್ಕ ಮಾಡಿ ಸುಮ್ಮನಾಗುವುದಿಲ್ಲ. ಆರಂಭದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹತ್ತಾರು ಸಲ ಓಡಿಸುತ್ತವೆ. ಯುರೋಪಿನ ಕೇಂದ್ರದ ಲೆಕ್ಕದಲ್ಲಿ ಹೀಗೆ 51 ಓಟಗಳಿರುತ್ತವೆ. ಐವತ್ತೊಂದೂ ಒಂದೇ ಉತ್ತರ ಕೊಟ್ಟರೆ ಧೈರ್ಯವಾಗಿ ಹೇಳಬಹುದು. ಅರ್ಧದಷ್ಟು ‘ಎರಡು ಅಡಿ’ ಎಂದು, ಇನ್ನರ್ಧ ‘ಆರು ಇಂಚು’ ಎಂದರೆ ಆ ಹಂಚಿಕೆಯೇ ಜನರಿಗೆ ತಿಳಿಸಬೇಕಾದ ಸುದ್ದಿ. ಅದನ್ನು ಬಿಟ್ಟು ಎರಡು ಅಡಿ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾಯಿತು.

‘ಜನ ಗೊಂದಲಗೊಳ್ಳುತ್ತಾರೆ’ ಎಂಬ ಮಾತಿಗೆ ಆ ಬಟ್ಟೆ ಒಗೆಯುವ ಕೋಣೆಯೇ ಉತ್ತರ. ಅಲ್ಲಿ ಯಾರೂ ಗೊಂದಲಗೊಂಡಿರಲಿಲ್ಲ. ಎಲ್ಲರೂ ಅನುಮಾನವನ್ನು ಇಟ್ಟುಕೊಂಡೇ ತಮ್ಮ ತಮ್ಮ ಲೆಕ್ಕ ಹಾಕುತ್ತಿದ್ದರು. ನರ್ಸ್‌ಗೆ ‘ಶೇ 40ರಷ್ಟು ಸಾಧ್ಯತೆ’ ಎಂದಿದ್ದರೂ ಸೋಮವಾರ ರಾತ್ರಿಯೇ ಹೋಗುತ್ತಿದ್ದರು. ಅವರು ತಪ್ಪಿಸಿಕೊಂಡರೆ ರೋಗಿಗಳಿಗೆ ತೊಂದರೆ. ಅದೇ ಶೇ 40 ನೋಡಿ ಗೋದಾಮಿನವರು ‘ಬೆಳಿಗ್ಗೆ ನೋಡಿ ಹೇಳುತ್ತೇವೆ’ ಎಂದಿದ್ದರೆ ಒಬ್ಬರ ಸಂಬಳ ಉಳಿಯುತ್ತಿತ್ತೇನೋ. ಸೂಪರ್‌ಗೆ ‘ನಡುವೆ ಐಸ್ ಕಾಳಾಗಬಹುದು’ ಎಂಬ ಒಂದು ಮಾತು ಎರಡು ಅಡಿ ಎಂಬ ಅಂಕಿಗಿಂತ ಹೆಚ್ಚು ಉಪಯೋಗದ್ದು.

ಮೇಯರ್ ಪಾಡು ಬೇರೆ ಎಂಬುದನ್ನೂ ಒಪ್ಪಬೇಕು. ಶಾಲೆಗೆ ಶೇ 40ರಷ್ಟು ರಜೆ ಕೊಡಲಾಗದು. ತೆರೆಯಬೇಕು, ಇಲ್ಲವೇ ಮುಚ್ಚಬೇಕು. ಮಕ್ಕಳ ವಿಷಯದಲ್ಲಿ ಮುಚ್ಚುವುದೇ ಮೇಲು ಎಂದು ಅವರು ತೀರ್ಮಾನಿಸಿದರೆ ತಪ್ಪಿಲ್ಲ. ಆದರೆ ಅದು ಅವರ ತೀರ್ಮಾನ. ಮುನ್ಸೂಚನೆ ಕೊಡುವವರು ಎಲ್ಲರ ಪರವಾಗಿ ತಾವೇ ತೀರ್ಮಾನಿಸಿ, ಅದಕ್ಕೆ ತಕ್ಕ ಅಂಕಿ ಕೊಡಬಾರದು.

ಹೀಗೆ ಮಾಡಿದರೆ ನಷ್ಟ ತಕ್ಷಣ ಕಾಣುವುದಿಲ್ಲ. ಅದು ಅಜ್ಜಿಯ ‘ನಾನು ಹೇಳಲಿಲ್ವಾ’ದಲ್ಲಿದೆ. ಎರಡು ಸಲ ನಂಬಿ ಬೇಸತ್ತವರು ಮೂರನೇ ಸಲ ನಂಬುವುದಿಲ್ಲ. ಮೂರನೆಯದು 1888ರಂಥದ್ದಾಗಿದ್ದರೆ?

2015ರ ಪ್ರಸಂಗದ ಮರುದಿನ ಹವಾಮಾನ ಸೇವೆಯ ಅಧಿಕಾರಿ ಗ್ಯಾರಿ ಸ್ಯಾಟ್ಕೊವ್‌ಸ್ಕಿ ಟ್ವಿಟರಿನಲ್ಲಿ ಜನರ ಕ್ಷಮೆ ಕೇಳಿದ್ದರು. ಅನಿಶ್ಚಿತತೆಯನ್ನು ಇನ್ನೂ ಚೆನ್ನಾಗಿ ತಿಳಿಸಬೇಕು ಎಂದು ಅಂದಿನ ನಿರ್ದೇಶಕ ಲೂಯಿಸ್ ಉಚೆಲಿನಿ ಒಪ್ಪಿದ್ದರು. ಈಗ ಅಲ್ಲಿ ಹಿಮದ ಮುನ್ಸೂಚನೆಯ ಜೊತೆ ಮೂರು ನಕ್ಷೆ ಸಿಗುತ್ತವೆ: ಕಡಿಮೆ ಎಂದರೆ ಇಷ್ಟು, ಬಹುಶಃ ಇಷ್ಟು, ಹೆಚ್ಚೆಂದರೆ ಇಷ್ಟು. ಅಕ್ಕ ಈಗ ಪ್ರತಿ ಮಾರ್ಚ್‌ನಲ್ಲಿ ಮೊದಲು ನೋಡುವುದು ನಡುವಿನ ನಕ್ಷೆಯನ್ನಲ್ಲ, ಆಚೀಚಿನ ಎರಡನ್ನು. ಅವೆರಡರ ನಡುವೆ ಅಂತರ ದೊಡ್ಡದಿದ್ದರೆ ತಜ್ಞರಿಗೂ ಖಾತರಿಯಿಲ್ಲ ಎಂದರ್ಥ.

ನಮ್ಮ ರೆಡ್ ಅಲರ್ಟ್

ನಾನು ತೀರ್ಥಹಳ್ಳಿ ಕಡೆಯವಳು. ನಮಗೆ ಹಿಮ ಗೊತ್ತಿಲ್ಲ, ಜುಲೈ ಮಳೆ ಗೊತ್ತು. ರಾತ್ರಿ ಹತ್ತಾದರೂ ‘ಡಿಸಿ ರಜೆ ಕೊಟ್ರಾ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಾಯುವುದು, ಸಿಕ್ಕ ಮರುದಿನ ಬಿಸಿಲು ಬಂದರೆ ಮೀಮ್ ಮಾಡುವುದು ಮಲೆನಾಡು, ಕರಾವಳಿ, ಕೊಡಗಿನ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತ.

ಆದರೆ ನಮ್ಮ ಹವಾಮಾನ ಇಲಾಖೆಯ ಪ್ರಕಟಣೆಯನ್ನು ಪೂರ್ತಿ ಓದುವವರು ಎಷ್ಟು ಜನ? 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಎಂಬ ಲೆಕ್ಕವಿದೆ. ಜೊತೆಗೆ ‘ಅಲ್ಲಲ್ಲಿ’, ‘ಕೆಲವೆಡೆ’, ‘ಹಲವೆಡೆ’ ಎಂಬ ಪದಗಳಿರುತ್ತವೆ. ಇವು ಸುಮ್ಮನೆ ಬರೆದವಲ್ಲ. ‘ಅಲ್ಲಲ್ಲಿ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗದಲ್ಲಿ ಎಂದರ್ಥ. ಅಂದರೆ ಜಿಲ್ಲೆಗೆ ಅಲರ್ಟ್ ಇದ್ದು, ಆಗುಂಬೆಯಲ್ಲಿ ಸುರಿದು, ಶಿವಮೊಗ್ಗ ಪೇಟೆಯಲ್ಲಿ ಹನಿ ಬೀಳದಿದ್ದರೆ ಮುನ್ಸೂಚನೆ ಸುಳ್ಳಾಗಲಿಲ್ಲ. ಬಿಂಗ್‌ಹ್ಯಾಮ್ಟನ್ ಮತ್ತು ಸೆಂಟ್ರಲ್ ಪಾರ್ಕಿನ ಕಥೆಯೇ ಇದು. ಅನುಮಾನವನ್ನು ಮುಚ್ಚಿಡುವ ತಪ್ಪು ಹೇಳುವವರದಾದರೆ, ಹೇಳಿದ್ದನ್ನು ಓದದೆ ಬರೀ ಬಣ್ಣ ನೋಡುವ ಅಭ್ಯಾಸ ಕೇಳುವವರದು.

ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಕರೆದು, ಜಗಲಿಯಲ್ಲಿ ಕುಳಿತು ‘ಆರಿದ್ರಾ ಹಿಡಿಯುತ್ತೋ, ಪುನರ್ವಸು ಕೈಕೊಡುತ್ತೋ’ ಎಂದು ಚರ್ಚಿಸುತ್ತಿದ್ದರು. ಹಾಗೆ ಚರ್ಚಿಸುತ್ತಲೇ ಒಂದಿಷ್ಟು ಗದ್ದೆಗೆ ಬಿತ್ತನೆ, ಒಂದಿಷ್ಟು ಬೀಜ ಕಣಜದಲ್ಲಿ ಉಳಿಕೆ. ಮಳೆ ಬಂದರೂ ಬದುಕಬೇಕು, ಬರದಿದ್ದರೂ ಬದುಕಬೇಕು ಎಂಬ ಲೆಕ್ಕ ಅದು. ಜರ್ಸಿ ಸಿಟಿಯ ಆ ಕೋಣೆಯಲ್ಲಿ ನರ್ಸ್ ಹೇಳಿಕೊಟ್ಟದ್ದೂ ಅದನ್ನೇ.

ಹಾಗಾಗಿ ಗೆಳೆಯರೇ, ಮುಂದಿನ ಸಲ ಮಳೆಯ ಎಚ್ಚರಿಕೆ ಬಂದಾಗ, ಅದೂ ನಿಮ್ಮ ಪರೀಕ್ಷೆಯೋ ಕ್ಯಾಂಪಸ್ ಇಂಟರ್‌ವ್ಯೂವೋ ಇರುವ ದಿನವೇ ಬಂದಾಗ, ‘ಬರುತ್ತೋ ಇಲ್ವೋ’ ಎಂದು ಕೇಳಿ ಕೂರಬೇಡಿ. ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಾಧ್ಯತೆ ಎಂದು ಪ್ರಕಟಣೆಯಲ್ಲಿ ಹುಡುಕಿ. ಬಂದರೆ ನನಗೇನು ನಷ್ಟ, ಬರದಿದ್ದರೆ ಏನು ನಷ್ಟ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಿಂದಿನ ದಿನವೇ ಬಸ್ಸು ಹತ್ತಬೇಕೋ ಬೇಡವೋ ಎಂಬುದು ಆ ಚೀಟಿಯಲ್ಲೇ ಗೊತ್ತಾಗುತ್ತದೆ.